ರಾಷ್ಟ್ರಪತಿಗೆ ಬೇಕಾದ ಅನುಭವ

ಉಡುಪಿಯಿಂದ ಕಾರ್ಕಳಕ್ಕೆ ಹೋಗುವ ಬಸ್ಸಿನ ಚಾಲಕನಾಗಬಯಸುವವನು ಮೊದಲು ಸಣ್ಣ ವಾಹನಗಳಲ್ಲಿ ಕೈ ಪಳಗಿಸಿಕೊಂಡು, ಪರೀಕ್ಷೆ ಕೊಟ್ಟು, ಪರವಾನಗಿಯನ್ನು ಪಡೆದಿರಬೇಕು. ಮಣಿಪಾಲದ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆ ನಡೆಸುವ ವೈದ್ಯರು ವರ್ಷಗಟ್ಟಲೆ ಓದಿ, ಹಿರಿಯರ ಕಣ್ಣೆದುರಿನಲ್ಲಿ ದುಡಿದು, ಅನಂತರವೇ ಆ ಕೆಲಸಕ್ಕೆ ಕೈಹಾಕಿರುತ್ತಾರೆ. ಕಾಪುವಿನ ಕಡಲಿನಲ್ಲಿ ದೋಣಿಯನ್ನು ನಡೆಸುವ ತಾಂಡೇಲನನ್ನು ಜೊತೆಯವರು ಸುಮ್ಮನೆ ಒಪ್ಪುವುದಿಲ್ಲ. ಗಾಳಿಯ ದಿಕ್ಕನ್ನೂ ನೀರಿನ ಬಣ್ಣವನ್ನೂ ಬಲ್ಲವನೆಂಬ ನಂಬಿಕೆ ಹುಟ್ಟಿದ ಮೇಲೆಯೇ ಅವನ ಕೈಗೆ ಚುಕ್ಕಾಣಿ ಬರುತ್ತದೆ. ಹೀಗಿರುವಲ್ಲಿ ನೂರನಾಲ್ವತ್ತು ಕೋಟಿಗೂ ಮಿಗಿಲಾದ ಜನರಿರುವ ಒಂದು ದೇಶದ ಅತ್ಯುನ್ನತ ಪದವಿಗೆ ಎಂಥ ಅನುಭವ ಬೇಕೆಂದು ಕೇಳುವುದು ಸಹಜವೇ ಆಗಿದೆ.

ಈ ಪ್ರಶ್ನೆಯನ್ನು ಹಿಡಿದು ನಮ್ಮ ಸಂವಿಧಾನದ 58ನೆಯ ವಿಧಿಯನ್ನು ತೆರೆದವರಿಗೆ ಆಶ್ಚರ್ಯ ಕಾದಿರುತ್ತದೆ. ರಾಷ್ಟ್ರಪತಿಯಾಗಲು ಬಯಸುವವರು ಭಾರತದ ಪ್ರಜೆಯಾಗಿರಬೇಕು. ಅವರಿಗೆ 35 ವರ್ಷ ತುಂಬಿರಬೇಕು. ಲೋಕಸಭೆಯ ಸದಸ್ಯರಾಗಿ ಆಯ್ಕೆಯಾಗಲು ಅರ್ಹರಾಗಿರಬೇಕು. ಸರ್ಕಾರದ ಅಧೀನದಲ್ಲಿ ಲಾಭದಾಯಕ ಹುದ್ದೆಯನ್ನು ಹೊಂದಿರಬಾರದು. ಇಷ್ಟೇ. ಎಷ್ಟು ಓದಿರಬೇಕು, ಯಾವ ಹುದ್ದೆಯಲ್ಲಿ ಎಷ್ಟು ವರ್ಷ ದುಡಿದಿರಬೇಕು, ಆಡಳಿತವನ್ನು ಬಲ್ಲವರೇ ಅಲ್ಲವೇ ಎಂಬುದರ ಮಾತೇ ಅಲ್ಲಿಲ್ಲ. ಇದು ಸಂವಿಧಾನವನ್ನು ರಚಿಸಿದವರ ಮರೆವೆಂದು ಯಾರೂ ಭಾವಿಸಬೇಕಾಗಿಲ್ಲ. ಅನುಭವವನ್ನು ಕಾನೂನಿನ ಮಾತಿನಲ್ಲಿ ಅಳೆದು ಬರೆಯಹೊರಟರೆ ಯೋಗ್ಯರಾದ ಹಲವರು ಹೊರಗುಳಿಯಬಹುದು. ಅಯೋಗ್ಯರಾದ ಕೆಲವರು ಪ್ರಮಾಣಪತ್ರಗಳ ಬಲದಿಂದ ಒಳಗೆ ಬರಬಹುದು. ಆದುದರಿಂದ ಬಾಗಿಲನ್ನು ಅಗಲವಾಗಿ ತೆರೆದಿಟ್ಟು, ತೂಗಿ ನೋಡುವ ಹೊಣೆಯನ್ನು ಮತ ನೀಡುವವರ ಮೇಲೆ ಹೊರಿಸಲಾಯಿತು.

ಆ ಮತದಾರರು ಯಾರು? ಸಂಸತ್ತಿನ ಉಭಯ ಸದನಗಳ ಚುನಾಯಿತ ಸದಸ್ಯರು ಮತ್ತು ರಾಜ್ಯಗಳ ವಿಧಾನಸಭೆಗಳ ಚುನಾಯಿತ ಸದಸ್ಯರು. ಉಡುಪಿ, ಕಾಪು, ಕಾರ್ಕಳ ಕ್ಷೇತ್ರಗಳ ಶಾಸಕರೂ ಇವರಲ್ಲಿ ಸೇರಿದ್ದಾರೆ. 1971ರ ಜನಗಣತಿಯಂತೆ ರಾಜ್ಯದ ಜನಸಂಖ್ಯೆಯನ್ನು ವಿಧಾನಸಭೆಯ ಚುನಾಯಿತ ಸ್ಥಾನಗಳಿಂದ ಭಾಗಿಸಿ, ಬಂದುದನ್ನು ಮತ್ತೆ ಸಾವಿರದಿಂದ ಭಾಗಿಸಿದರೆ ಒಬ್ಬ ಶಾಸಕರ ಮತದ ಮೌಲ್ಯ ದೊರೆಯುತ್ತದೆ. ಕರ್ನಾಟಕದ 224 ಶಾಸಕರಲ್ಲಿ ಪ್ರತಿಯೊಬ್ಬರ ಮತದ ಮೌಲ್ಯ 131. 2022ರ ಚುನಾವಣೆಯಲ್ಲಿ ಸಂಸತ್ಸದಸ್ಯರೊಬ್ಬರ ಮತದ ಮೌಲ್ಯ 700 ಆಗಿತ್ತು. ದೇಶದ ಎಲ್ಲ ಮತಗಳ ಒಟ್ಟು ಮೌಲ್ಯ 10,86,431. ಕಾರ್ಕಳದ ಮತಗಟ್ಟೆಯೊಂದರಲ್ಲಿ ಸರದಿಯಲ್ಲಿ ನಿಂತು ಶಾಸಕರನ್ನು ಆರಿಸುವ ರೈತನೂ ಕಾಪುವಿನ ಮೀನುಗಾರ ಮಹಿಳೆಯೂ ಹೀಗೆ ದೂರದಿಂದಲಾದರೂ ರಾಷ್ಟ್ರಪತಿಯ ಆಯ್ಕೆಯಲ್ಲಿ ಭಾಗಿಗಳಾಗಿದ್ದಾರೆ. ಆಯ್ಕೆಯ ದಿನ ಏನನ್ನು ತೂಗಿ ನೋಡಬೇಕೆಂಬುದು ಅವರಿಗೂ ಸಂಬಂಧಿಸಿದ ವಿಷಯವೇ ಸರಿ.

ಅನುಭವದ ವಿಚಾರಕ್ಕೆ ಬರುವ ಮೊದಲು ಕೆಲಸ ಯಾವುದೆಂಬುದನ್ನು ತಿಳಿಯಬೇಕು. ಪ್ರಪಂಚದ ಎಲ್ಲ ದೇಶಗಳ ಅಧ್ಯಕ್ಷರ ಕೆಲಸವೂ ಒಂದೇ ಬಗೆಯದಲ್ಲ. ಅಮೆರಿಕದ ಅಧ್ಯಕ್ಷರು ಸ್ವತಃ ಆಡಳಿತದ ಮುಖ್ಯಸ್ಥರು. ಸೇನೆಯನ್ನು ನಡೆಸುವುದು, ಮಂತ್ರಿಗಳನ್ನು ನೇಮಿಸುವುದು, ನೀತಿಯನ್ನು ನಿರ್ಧರಿಸುವುದು ಎಲ್ಲವೂ ಅವರ ಕೈಯಲ್ಲಿದೆ. ಅಲ್ಲಿಯೂ ಕನಿಷ್ಠ ವಯಸ್ಸು 35. ಅಲ್ಲಿಯ ಇತಿಹಾಸದಿಂದ ಎರಡು ಹೆಸರುಗಳನ್ನು ಇಲ್ಲಿ ನೆನೆಯಬಹುದು. 1857ರಲ್ಲಿ ಅಧ್ಯಕ್ಷರಾದ ಜೇಮ್ಸ್ ಬುಕಾನನ್ನರಷ್ಟು ಅನುಭವ ಪಡೆದು ಆ ಪದವಿಗೆ ಬಂದವರು ವಿರಳ. ಅವರು ಕೆಳಮನೆಯಲ್ಲಿಯೂ ಸೆನೆಟ್ಟಿನಲ್ಲಿಯೂ ಸದಸ್ಯರಾಗಿದ್ದರು, ರಷ್ಯಕ್ಕೂ ಬ್ರಿಟನ್ನಿಗೂ ರಾಯಭಾರಿಯಾಗಿ ಹೋಗಿದ್ದರು, ವಿದೇಶಾಂಗ ವ್ಯವಹಾರಗಳ ಮಂತ್ರಿಯಾಗಿದ್ದರು. ಆದರೆ ಅವರ ಅವಧಿ ಮುಗಿಯುವ ಹೊತ್ತಿಗೆ ಏಳು ರಾಜ್ಯಗಳು ಒಕ್ಕೂಟದಿಂದ ಸಿಡಿದುಹೋಗಿದ್ದವು. ಅವರು ಅದನ್ನು ತಡೆಯಲಾರದೆ ನಿಂತರು. ಅವರ ಬಳಿಕ ಬಂದ ಅಬ್ರಹಾಂ ಲಿಂಕನ್ನರು ತಮ್ಮ ರಾಜ್ಯದ ಶಾಸನಸಭೆಯಲ್ಲಿ ಕೆಲವು ವರ್ಷ, ರಾಷ್ಟ್ರದ ಕೆಳಮನೆಯಲ್ಲಿ ಕೇವಲ ಎರಡು ವರ್ಷ ಇದ್ದ ವಕೀಲರು. ಸೆನೆಟ್ಟಿಗೆ ನಿಂತು ಸೋತವರು. ಒಕ್ಕೂಟವನ್ನು ಉಳಿಸಿದವರು ಅವರೇ. ಹುದ್ದೆಗಳ ಪಟ್ಟಿ ಉದ್ದವಾಗಿದ್ದ ಮಾತ್ರಕ್ಕೆ ಅನುಭವ ಪಕ್ವವಾಗಿದೆಯೆಂದು ಹೇಳುವಂತಿಲ್ಲವೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಸಿಗುವುದು ಕಷ್ಟ.

ನಮ್ಮ ದೇಶದಲ್ಲಿ ಆಡಳಿತದ ಹೊರೆಯನ್ನು ಹೊರುವವರು ಪ್ರಧಾನಮಂತ್ರಿ ಮತ್ತು ಮಂತ್ರಿಮಂಡಲ. ಸಂಸ್ಥೆಗಳನ್ನು ಕಟ್ಟಿ ನಡೆಸಿದ ಅನುಭವ ಅಲ್ಲಿ ಬಹಳ ಪ್ರಯೋಜನಕ್ಕೆ ಬರುತ್ತದೆ. ಮಣಿಪಾಲದ ಟಿ. ಎ. ಪೈಯವರನ್ನೇ ನೋಡಬಹುದು. 1922ರಲ್ಲಿ ಉಡುಪಿಯಲ್ಲಿ ಹುಟ್ಟಿ, ದಿನಕ್ಕೆ ಎರಡಾಣೆಯ ಪಿಗ್ಮಿ ಠೇವಣಿಯಿಂದ ಮನೆಮಾತಾದ ಸಿಂಡಿಕೇಟ್ ಬ್ಯಾಂಕಿನ ಆಡಳಿತದಲ್ಲಿ ಪಳಗಿದವರು ಅವರು. 1965ರಲ್ಲಿ ಭಾರತ ಆಹಾರ ನಿಗಮದ ಮೊದಲ ಅಧ್ಯಕ್ಷರಾದರು. 1972ರಲ್ಲಿ ಕೇಂದ್ರದ ರೈಲ್ವೆ ಮಂತ್ರಿಗಳಾದರು. ಲೆಕ್ಕ, ಜನ, ಸಮಯ ಈ ಮೂರನ್ನೂ ಹಿಡಿತದಲ್ಲಿಟ್ಟುಕೊಂಡು ಕೆಲಸವನ್ನು ಮುಗಿಸಿಕೊಡುವುದು ಮಂತ್ರಿಗೆ ಬೇಕಾದ ಗುಣ. (ಆ ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು.)

ರಾಷ್ಟ್ರಪತಿಯ ಕೆಲಸ ಬೇರೆ ಬಗೆಯದು. ಎಲ್ಲವೂ ಅವರ ಹೆಸರಿನಲ್ಲಿ ನಡೆಯುತ್ತದೆ. ಆದರೆ ಬಹುಮಟ್ಟಿಗೆ ಎಲ್ಲವೂ ಮಂತ್ರಿಮಂಡಲದ ಸಲಹೆಯಂತೆ ನಡೆಯುತ್ತದೆ. ಕಾಪುವಿನ ಬಂಡೆಯ ಮೇಲೆ 1901ರಲ್ಲಿ ಕಟ್ಟಿದ ದೀಪಸ್ತಂಭವನ್ನು ನೀವು ನೋಡಿರಬಹುದು. ಅದು ಯಾವ ದೋಣಿಯ ಚುಕ್ಕಾಣಿಯನ್ನೂ ಹಿಡಿಯುವುದಿಲ್ಲ. ದೋಣಿಯನ್ನು ನಡೆಸುವವನು ತಾಂಡೇಲನೇ. ದೀಪ ತಾನಿದ್ದಲ್ಲಿಯೇ ಇದ್ದು ಬೆಳಕನ್ನು ತೋರುತ್ತದೆ. ಈ ಹೋಲಿಕೆಯನ್ನು ಬಹಳ ದೂರ ಎಳೆಯಬಾರದು. ಏಕೆಂದರೆ ದೀಪಸ್ತಂಭಕ್ಕೆ ಸಹಿ ಹಾಕುವ ಕೆಲಸವಿಲ್ಲ. ರಾಷ್ಟ್ರಪತಿಗೆ ಇದೆ. ಸಂಸತ್ತು ಅಂಗೀಕರಿಸಿದ ಮಸೂದೆ ಅವರ ಅಂಕಿತವಿಲ್ಲದೆ ಕಾನೂನಾಗದು. ಹಣದ ಮಸೂದೆಯಲ್ಲದಿದ್ದರೆ ಅದನ್ನು ಒಮ್ಮೆ ಹಿಂದಿರುಗಿಸಿ, ‘ಇನ್ನೊಮ್ಮೆ ಯೋಚಿಸಿರಿ’ ಎನ್ನುವ ಅವಕಾಶ ಅವರಿಗಿದೆ. ಚುನಾವಣೆಯಲ್ಲಿ ಯಾವ ಪಕ್ಷಕ್ಕೂ ಬಹುಮತ ದೊರೆಯದಿದ್ದಾಗ ಯಾರನ್ನು ಮೊದಲು ಕರೆಯಬೇಕೆಂಬುದನ್ನು ಅವರು ತಾವೇ ನಿರ್ಧರಿಸಬೇಕಾಗುತ್ತದೆ. ಐದು ವರ್ಷಗಳ ಅವಧಿಯಲ್ಲಿ ಇಂಥ ಗಳಿಗೆಗಳು ಬಂದರೆ ನಾಲ್ಕೈದು ಬರಬಹುದು. ಒಂದೂ ಬಾರದೆ ಇರಬಹುದು. ಆದರೆ ಬಂದಾಗ ದೇಶದ ಭವಿಷ್ಯ ಆ ಒಂದು ಲೇಖನಿಯ ತುದಿಯಲ್ಲಿರುತ್ತದೆ.

ಅಂಥ ಗಳಿಗೆಗಳನ್ನು ಕಂಡ ಕನ್ನಡಿಗರೊಬ್ಬರಿದ್ದಾರೆ. ಅವರು ಬಿ. ಡಿ. ಜತ್ತಿ. ಇಂದಿನ ಬಾಗಲಕೋಟೆ ಜಿಲ್ಲೆಯ ಜಮಖಂಡಿ ತಾಲ್ಲೂಕಿನ ಸಾವಳಗಿ ಅವರ ಊರು. ಕಾನೂನು ಓದಿ ಊರಿಗೆ ಮರಳಿದ ಅವರು ಜಮಖಂಡಿ ಪುರಸಭೆಯ ಸದಸ್ಯರಾಗಿ ಸಾರ್ವಜನಿಕ ಜೀವನವನ್ನು ಆರಂಭಿಸಿದರು. ಮುಂದೆ ಅದರ ಅಧ್ಯಕ್ಷರಾದರು. ಜಮಖಂಡಿ ಆಗ ಒಂದು ಪುಟ್ಟ ಸಂಸ್ಥಾನ. ಅಲ್ಲಿ ಮಂತ್ರಿಯಾಗಿ, ಮುಖ್ಯಮಂತ್ರಿಯೂ ಆಗಿ, 1948ರಲ್ಲಿ ಆ ಸಂಸ್ಥಾನ ಮುಂಬಯಿ ಪ್ರಾಂತದಲ್ಲಿ ಸೇರಿಹೋದುದನ್ನು ಕಂಡರು. ತಾವು ಮುಖ್ಯಸ್ಥರಾಗಿದ್ದ ರಾಜ್ಯವೇ ಇಲ್ಲವಾಗುವುದನ್ನು ನೋಡುವ ಅನುಭವ ಎಲ್ಲರಿಗೂ ಬರುವಂಥದಲ್ಲ! ಮುಂಬಯಿ ಸರ್ಕಾರದಲ್ಲಿ ಉಪಮಂತ್ರಿಯಾಗಿ, ಏಕೀಕರಣದ ಬಳಿಕ ಮೈಸೂರು ರಾಜ್ಯದ ಭೂಸುಧಾರಣಾ ಸಮಿತಿಯ ಅಧ್ಯಕ್ಷರಾಗಿ, 1958ರಿಂದ 1962ರವರೆಗೆ ರಾಜ್ಯದ ಮುಖ್ಯಮಂತ್ರಿಯಾಗಿ ಅವರು ದುಡಿದರು. ಪಾಂಡಿಚೇರಿಯ ಲೆಫ್ಟಿನೆಂಟ್ ಗವರ್ನರ್, ಒರಿಸ್ಸಾದ ರಾಜ್ಯಪಾಲ, 1974ರಲ್ಲಿ ಉಪರಾಷ್ಟ್ರಪತಿ, ಹೀಗೆ ಪುರಸಭೆಯಿಂದ ಹಿಡಿದು ಒಂದೊಂದೇ ಮೆಟ್ಟಿಲನ್ನು ಹತ್ತಿ ಬಂದವರು ಅವರು.

1977ರ ಫೆಬ್ರವರಿ 11ರಂದು ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹಮದರು ನಿಧನರಾದರು. ಸಂವಿಧಾನದಂತೆ ಜತ್ತಿಯವರು ಹಂಗಾಮಿ ರಾಷ್ಟ್ರಪತಿಗಳಾದರು. ದೇಶದಲ್ಲಿ ಆಗ ತುರ್ತುಪರಿಸ್ಥಿತಿ ಜಾರಿಯಲ್ಲಿತ್ತು. 1975ರ ಜೂನ್ 25ರ ರಾತ್ರಿ, ಮಂತ್ರಿಮಂಡಲ ಸಭೆ ಸೇರಿ ನಿರ್ಣಯಿಸುವ ಮೊದಲೇ, ಪ್ರಧಾನಮಂತ್ರಿ ಇಂದಿರಾ ಗಾಂಧಿಯವರ ಪತ್ರವನ್ನು ಆಧರಿಸಿ ಅದರ ಘೋಷಣೆಗೆ ಸಹಿ ಹಾಕಿದವರು ಫಕ್ರುದ್ದೀನ್ ಅಲಿ ಅಹಮದರು. ಅವರೇನು ಅನುಭವವಿಲ್ಲದವರಾಗಿರಲಿಲ್ಲ, ಇಂಗ್ಲೆಂಡಿನಲ್ಲಿ ಬ್ಯಾರಿಸ್ಟರ್ ಆದವರು, ಅಸ್ಸಾಮಿನಲ್ಲಿಯೂ ಕೇಂದ್ರದಲ್ಲಿಯೂ ಹಲವು ಕಾಲ ಮಂತ್ರಿಯಾಗಿದ್ದವರು. ಬೆಳಗಾದ ಮೇಲೆ ಮಂತ್ರಿಮಂಡಲ ಒಪ್ಪಿಗೆ ನೀಡಿತು. ಒಂದು ರಾತ್ರಿಯ ಮಟ್ಟಿಗೆ ತಡೆದು, ಮಂತ್ರಿಮಂಡಲದ ನಿರ್ಣಯ ಎಲ್ಲಿ ಎಂದು ಅವರು ಕೇಳಿದ್ದರೆ ಫಲ ಬೇರೆಯಾಗುತ್ತಿತ್ತೆಂದು ಹೇಳಲಾಗದು. ಆದರೆ ಆ ಪ್ರಶ್ನೆ ದಾಖಲೆಯಲ್ಲಿ ಉಳಿಯುತ್ತಿತ್ತು.

ಮಾರ್ಚ್ ತಿಂಗಳಿನಲ್ಲಿ ಚುನಾವಣೆ ನಡೆದು ಆಳುವ ಪಕ್ಷ ಸೋತಿತು. ಮಾರ್ಚ್ 21ರಂದು ತುರ್ತುಪರಿಸ್ಥಿತಿಯನ್ನು ಹಿಂತೆಗೆದ ಘೋಷಣೆ ಹೊರಟುದು ಜತ್ತಿಯವರ ಹೆಸರಿನಲ್ಲಿ. ಮಾರ್ಚ್ 24ರಂದು ಕೇಂದ್ರದ ಮೊದಲ ಕಾಂಗ್ರೆಸ್ಸೇತರ ಸರ್ಕಾರದ ಪ್ರಧಾನಿ ಮೊರಾರ್ಜಿ ದೇಸಾಯಿಯವರಿಗೆ ಪ್ರಮಾಣವಚನ ಬೋಧಿಸಿದವರೂ ಅವರೇ. ಮೂವತ್ತು ವರ್ಷ ಒಂದೇ ಪಕ್ಷದ ಕೈಯಲ್ಲಿದ್ದ ಅಧಿಕಾರ ಒಂದು ತೊಟ್ಟು ನೆತ್ತರೂ ಸುರಿಯದೆ ಇನ್ನೊಂದು ಪಕ್ಷದ ಕೈಗೆ ಹೋಯಿತು.

ಅನಂತರ ಬಂದುದು ಹೆಚ್ಚು ತೊಡಕಿನ ಗಳಿಗೆ. ಒಂಬತ್ತು ರಾಜ್ಯಗಳಲ್ಲಿ ಸೋತ ಪಕ್ಷದ ಸರ್ಕಾರಗಳು ಇನ್ನೂ ಉಳಿದಿದ್ದವು. ಲೋಕಸಭೆಯಲ್ಲಿ ಜನರ ವಿಶ್ವಾಸ ಕಳೆದುಕೊಂಡ ಪಕ್ಷ ಆ ರಾಜ್ಯಗಳನ್ನು ಆಳುವುದು ಸರಿಯಲ್ಲವೆಂದು ಹೊಸ ಸರ್ಕಾರ ವಾದಿಸಿ, ಅಲ್ಲಿಯ ವಿಧಾನಸಭೆಗಳನ್ನು ವಿಸರ್ಜಿಸಲು ಸಲಹೆ ನೀಡಿತು. ಕೆಲವು ರಾಜ್ಯಗಳು ಸರ್ವೋಚ್ಚ ನ್ಯಾಯಾಲಯಕ್ಕೆ ಹೋದವು. ಏಪ್ರಿಲ್ 29ರಂದು ನ್ಯಾಯಾಲಯ ಅವುಗಳ ದಾವೆಯನ್ನು ತಳ್ಳಿಹಾಕಿತು. ಆದರೂ ಜತ್ತಿಯವರು ಕೂಡಲೇ ಸಹಿ ಹಾಕಲಿಲ್ಲ. ತಮಗೆ ಯೋಚಿಸಲು ಸಮಯ ಬೇಕೆಂದರು. ಸರ್ಕಾರ ಕಳವಳಗೊಂಡಿತು, ಟೀಕೆಗಳು ಎದ್ದವು. ಏಪ್ರಿಲ್ 30ರಂದು ಅವರು ಅಂಕಿತ ಹಾಕಿದರು. ಈ ವಿಳಂಬವನ್ನು ಹಳೆಯ ಪಕ್ಷದ ಮೇಲಿನ ಅಭಿಮಾನವೆಂದು ಅಂದು ಕೆಲವರು ಆಡಿದುದುಂಟು. ಆದರೆ ರಾಜ್ಯವೊಂದರ ಮುಖ್ಯಮಂತ್ರಿಯಾಗಿದ್ದವರಿಗೆ, ಇನ್ನೊಂದು ರಾಜ್ಯದಲ್ಲಿ ರಾಜ್ಯಪಾಲರಾಗಿದ್ದವರಿಗೆ, ಚುನಾಯಿತ ಶಾಸನಸಭೆಗಳನ್ನು ಅವಧಿಗೆ ಮುನ್ನ ಮನೆಗೆ ಕಳುಹಿಸುವ ಕಾಗದ ಹಗುರವಾಗಿ ಕಾಣಿಸದಿದ್ದರೆ ಅದರಲ್ಲಿ ಆಶ್ಚರ್ಯಪಡಬೇಕಾದುದು ಏನೂ ಇಲ್ಲ. 1976ರ 42ನೆಯ ತಿದ್ದುಪಡಿಯ ಪ್ರಕಾರ ರಾಷ್ಟ್ರಪತಿಯು ಮಂತ್ರಿಮಂಡಲದ ಸಲಹೆಯಂತೆ ನಡೆಯಲೇಬೇಕಿತ್ತು. ಮತ್ತೊಮ್ಮೆ ಪರಿಶೀಲಿಸಿರೆಂದು ಕೇಳುವ ಸ್ಪಷ್ಟವಾದ ಅವಕಾಶ ಅಂದು ಸಂವಿಧಾನದಲ್ಲಿ ಇರಲಿಲ್ಲ. ತಡೆಯುವ ಅಧಿಕಾರವಿಲ್ಲವೆಂದು ತಿಳಿದು ಸಹಿ ಹಾಕಿದರು. ಯೋಚಿಸುವ ಹಕ್ಕು ಇದೆಯೆಂದು ಒಂದಿಷ್ಟು ಹೊತ್ತು ತಡೆದರು. ಇವೆರಡನ್ನೂ ಒಟ್ಟಿಗೆ ಮಾಡುವುದು ಸುಲಭವಲ್ಲ.

ಈ ಕಥೆಯ ಮುಂದಿನ ಭಾಗ ಕಾರ್ಕಳಕ್ಕೆ ಬರುತ್ತದೆ. 1977ರ ಜುಲೈಯಲ್ಲಿ ಲೋಕಸಭೆಯ ಅಧ್ಯಕ್ಷರಾಗಿದ್ದ ನೀಲಂ ಸಂಜೀವ ರೆಡ್ಡಿಯವರು ಆ ಸ್ಥಾನವನ್ನು ಬಿಟ್ಟು ರಾಷ್ಟ್ರಪತಿ ಪದವಿಗೆ ನಿಂತರು. ನಾಮಪತ್ರ ಸಲ್ಲಿಸಿದ 37 ಜನರಲ್ಲಿ ಅವರದೊಂದೇ ಕ್ರಮಬದ್ಧವಾಗಿದ್ದುದರಿಂದ ಅವರು ಅವಿರೋಧವಾಗಿ ಆಯ್ಕೆಯಾದರು. ತೆರವಾದ ಲೋಕಸಭೆಯ ಪೀಠಕ್ಕೆ ಜುಲೈ 21ರಂದು ಆರಿಸಿ ಬಂದವರು ಕೌಡೂರು ಸದಾನಂದ ಹೆಗ್ಡೆಯವರು. ಕಾರ್ಕಳ ತಾಲ್ಲೂಕಿನ ಕೌಡೂರಿನಲ್ಲಿ 1909ರಲ್ಲಿ ಜನಿಸಿದ ಹೆಗ್ಡೆಯವರು ವಕೀಲಿ ವೃತ್ತಿಯಿಂದ ಬಂದವರು. 1952ರಿಂದ 1957ರವರೆಗೆ ರಾಜ್ಯಸಭೆಯ ಸದಸ್ಯರಾಗಿದ್ದರು. ಬಳಿಕ ಮೈಸೂರು ಉಚ್ಚ ನ್ಯಾಯಾಲಯದ ನ್ಯಾಯಾಧೀಶರಾಗಿ, ದೆಹಲಿ ಉಚ್ಚ ನ್ಯಾಯಾಲಯದ ಮೊದಲ ಮುಖ್ಯ ನ್ಯಾಯಾಧೀಶರಾಗಿ, 1967ರಿಂದ ಸರ್ವೋಚ್ಚ ನ್ಯಾಯಾಲಯದ ನ್ಯಾಯಾಧೀಶರಾಗಿ ಕೆಲಸ ಮಾಡಿದರು.

ಅವರು ಪಾಲ್ಗೊಂಡ ಮೊಕದ್ದಮೆಗಳಲ್ಲಿ ಒಂದು ನಮ್ಮ ಕರಾವಳಿಯ ನೆರೆಯಿಂದಲೇ ಹೋದುದು. ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತೀ ಸ್ವಾಮಿಗಳು ಕೇರಳದ ಭೂಸುಧಾರಣಾ ಕಾಯಿದೆಯ ವಿಷಯವಾಗಿ ಸರ್ವೋಚ್ಚ ನ್ಯಾಯಾಲಯದ ಮೊರೆಹೊಕ್ಕಿದ್ದರು. ಹದಿಮೂರು ನ್ಯಾಯಾಧೀಶರ ಪೀಠ ಆ ಮೊಕದ್ದಮೆಯನ್ನು ಆಲಿಸಿತು. 1973ರ ಏಪ್ರಿಲ್ 24ರಂದು ಏಳು ಜನರ ಬಹುಮತದಿಂದ ತೀರ್ಪು ಬಂದಿತು: ಸಂಸತ್ತು ಸಂವಿಧಾನವನ್ನು ತಿದ್ದಬಹುದು, ಆದರೆ ಅದರ ಮೂಲ ಸ್ವರೂಪವನ್ನು ಕೆಡಿಸುವಂತಿಲ್ಲ. ಆ ಏಳು ಜನರಲ್ಲಿ ಹೆಗ್ಡೆಯವರೊಬ್ಬರು. ತೀರ್ಪು ಹೊರಬಿದ್ದ ಬೆನ್ನಲ್ಲೇ ಹೊಸ ಮುಖ್ಯ ನ್ಯಾಯಾಧೀಶರ ನೇಮಕವಾಯಿತು. ಹಿರಿತನದಲ್ಲಿ ಮುಂದಿದ್ದ ಶೇಲಟ್, ಹೆಗ್ಡೆ, ಗ್ರೋವರ್ ಈ ಮೂವರನ್ನೂ ಬಿಟ್ಟು ನಾಲ್ಕನೆಯವರಾದ ಎ. ಎನ್. ರೇ ಅವರಿಗೆ ಆ ಪದವಿ ದೊರೆಯಿತು. ಮೂವರೂ ರಾಜೀನಾಮೆ ನೀಡಿದರು.

ಸರ್ಕಾರಕ್ಕೆ ಹಿಡಿಸದ ಮಾತನ್ನು ಹೇಳಿ, ಅದರಿಂದ ಪದವಿಯನ್ನೇ ಕಳೆದುಕೊಂಡ ಅನುಭವ ಇದು. ನೂರು ಸಭೆಗಳ ಅಧ್ಯಕ್ಷತೆ ವಹಿಸಿದರೂ ಇಂಥ ಅನುಭವ ದೊರೆಯದು. 1977ರಲ್ಲಿ ಬೆಂಗಳೂರು ದಕ್ಷಿಣ ಕ್ಷೇತ್ರದಿಂದ ಲೋಕಸಭೆಗೆ ಆರಿಸಿಬಂದ ಅವರನ್ನು ಸದನ ತನ್ನ ಅಧ್ಯಕ್ಷಪೀಠದಲ್ಲಿ ಕೂರಿಸಿತು. ಲೋಕಸಭೆಯ ಅಧ್ಯಕ್ಷರ ಸ್ಥಿತಿ ರಾಷ್ಟ್ರಪತಿಯ ಸ್ಥಿತಿಗೆ ಬಹಳ ಹತ್ತಿರವಾದುದು. ಒಂದು ಪಕ್ಷದಿಂದ ಗೆದ್ದು ಬಂದವರು ಆ ಪೀಠದಲ್ಲಿ ಕುಳಿತ ಮೇಲೆ ಎರಡೂ ಪಕ್ಷಗಳ ಮಾತನ್ನು ಸಮನಾಗಿ ಕೇಳಬೇಕು. ಸಾಮಾನ್ಯವಾಗಿ ಅವರು ಮತ ನೀಡುವುದಿಲ್ಲ. ಮತಗಳು ಸಮಸಮವಾದಾಗ ಮಾತ್ರ ನೀಡುತ್ತಾರೆ. ಸಂಜೀವ ರೆಡ್ಡಿಯವರು 1967ರಲ್ಲಿ ಮೊದಲ ಬಾರಿ ಆ ಪೀಠವನ್ನು ಏರಿದಾಗ ತಮ್ಮ ಪಕ್ಷದ ಸದಸ್ಯತ್ವಕ್ಕೇ ರಾಜೀನಾಮೆ ಕೊಟ್ಟಿದ್ದರು. ರಾಷ್ಟ್ರಪತಿ ಭವನಕ್ಕೆ ಹೋಗಲು ಅದಕ್ಕಿಂತ ಒಳ್ಳೆಯ ಪಾಠಶಾಲೆ ಇರಲಾರದು.

1978ರಲ್ಲಿ ಸಂಸತ್ತು 44ನೆಯ ತಿದ್ದುಪಡಿಯನ್ನು ಅಂಗೀಕರಿಸಿತು. ಮಂತ್ರಿಮಂಡಲದ ಸಲಹೆಯನ್ನು ಒಮ್ಮೆ ಮರುಪರಿಶೀಲನೆಗೆ ಕಳುಹಿಸುವ ಅವಕಾಶ ಅದರಿಂದ ರಾಷ್ಟ್ರಪತಿಗೆ ದೊರೆಯಿತು. ಮತ್ತೆ ಅದೇ ಸಲಹೆ ಬಂದರೆ ಅದರಂತೆ ನಡೆಯಬೇಕು. ಮಂತ್ರಿಮಂಡಲದ ನಿರ್ಣಯ ಬರಹದಲ್ಲಿ ಬಾರದೆ ತುರ್ತುಪರಿಸ್ಥಿತಿಯನ್ನು ಘೋಷಿಸುವಂತಿಲ್ಲವೆಂಬ ನಿಯಮವೂ ಸೇರಿತು. 1975ರ ಆ ರಾತ್ರಿ, 1977ರ ಏಪ್ರಿಲ್ ತಿಂಗಳ ಆ ಒಂದು ದಿನ, ಎರಡರ ನೆರಳೂ ಈ ತಿದ್ದುಪಡಿಯಲ್ಲಿದೆ. ಮಸೂದೆ ಲೋಕಸಭೆಯಲ್ಲಿ ಅಂಗೀಕಾರವಾಗುವಾಗ ಪೀಠದ ಹೊಣೆ ಹೊತ್ತಿದ್ದವರು ಕೌಡೂರಿನ ಹೆಗ್ಡೆಯವರು. ಮರುವರ್ಷವೇ ಸಂಜೀವ ರೆಡ್ಡಿಯವರಿಗೂ ಕಠಿಣವಾದ ಪರೀಕ್ಷೆ ಎದುರಾಯಿತು. 1979ರ ಜುಲೈಯಲ್ಲಿ ಮೊರಾರ್ಜಿ ಸರ್ಕಾರ ಬಿದ್ದಿತು. ರಾಷ್ಟ್ರಪತಿಗಳು ಚರಣ್ ಸಿಂಗರನ್ನು ಕರೆದರು. ಅವರು ಲೋಕಸಭೆಯನ್ನು ಎದುರಿಸದೆಯೇ ರಾಜೀನಾಮೆ ಕೊಟ್ಟರು. ಆಗಸ್ಟ್ 22ರಂದು ಲೋಕಸಭೆ ವಿಸರ್ಜನೆಯಾಯಿತು. ಇನ್ನೊಬ್ಬರಿಗೆ ಅವಕಾಶ ಕೊಡಬೇಕಾಗಿತ್ತೆಂದು ವಾದಿಸಿದವರಿದ್ದರು, ಇಂದಿಗೂ ಇದ್ದಾರೆ. ಒಳ್ಳೆಯ ಪಾಠಶಾಲೆಯಿಂದ ಬಂದವರಿಗೂ ಎಲ್ಲ ಪ್ರಶ್ನೆಗಳಿಗೆ ಎಲ್ಲರೂ ಒಪ್ಪುವ ಉತ್ತರ ದೊರೆಯುವುದಿಲ್ಲ. ಲೋಕಸಭೆ ವಿಸರ್ಜನೆಯಾದರೂ ಅದರ ಅಧ್ಯಕ್ಷಸ್ಥಾನ ಮುಂದಿನ ಲೋಕಸಭೆ ಸೇರುವವರೆಗೆ ತೆರವಾಗುವುದಿಲ್ಲ. ಹಾಗಾಗಿ ಹೆಗ್ಡೆಯವರು 1980ರ ಜನವರಿಯವರೆಗೆ ಆ ಹೊಣೆಯನ್ನು ಹೊತ್ತು, ಬಳಿಕ ಊರ ಕಡೆಗೆ ಮುಖ ಮಾಡಿದರು. 1979ರಲ್ಲಿ ಅವರು ಸ್ಥಾಪಿಸಿದ ನಿಟ್ಟೆ ಶಿಕ್ಷಣ ಸಂಸ್ಥೆ ಕಾರ್ಕಳದ ಸಮೀಪದಲ್ಲಿಯೇ ಬೆಳೆಯಿತು.

ಅಧಿಕಾರಕ್ಕೆ ಮುನ್ನ ಸಿದ್ಧತೆ ಇರಬೇಕೆಂಬುದು ಉಡುಪಿಗೆ ಹೊಸ ವಿಚಾರವಲ್ಲ. ಅಲ್ಲಿಯ ಅಷ್ಟಮಠಗಳಲ್ಲಿ ಶ್ರೀಕೃಷ್ಣನ ಪೂಜೆಯ ಹೊಣೆ ಎರಡು ವರ್ಷಗಳಿಗೊಮ್ಮೆ ಒಂದು ಮಠದಿಂದ ಇನ್ನೊಂದಕ್ಕೆ ಸಾಗುತ್ತದೆ. ಮಧ್ವಾಚಾರ್ಯರು ಎರಡೆರಡು ತಿಂಗಳಿಗೆ ನಿಯಮಿಸಿದ್ದುದನ್ನು ವಾದಿರಾಜರು ಎರಡು ವರ್ಷಗಳಿಗೆ ವಿಸ್ತರಿಸಿದರೆಂದು ಹೇಳುತ್ತಾರೆ. ಪರ್ಯಾಯ ಪೀಠವನ್ನೇರುವ ಸ್ವಾಮಿಗಳು ಬಹಳ ಮೊದಲೇ ಬಾಳೆ ಮುಹೂರ್ತ, ಅಕ್ಕಿ ಮುಹೂರ್ತ, ಕಟ್ಟಿಗೆ ಮುಹೂರ್ತ, ಭತ್ತ ಮುಹೂರ್ತಗಳನ್ನು ನಡೆಸುತ್ತಾರೆ. ನೆಟ್ಟ ಬಾಳೆ ಬೆಳೆದು ಎಲೆ ಕೊಡುವಷ್ಟರಲ್ಲಿ ಪೀಠದ ದಿನ ಬಂದಿರುತ್ತದೆ. ಜನವರಿ 18ರ ನಸುಕಿನಲ್ಲಿ ಅಕ್ಷಯಪಾತ್ರೆ, ಸಟ್ಟುಗ, ಬೀಗದ ಕೈಗಳು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಬರುತ್ತವೆ. ನಮ್ಮ ವಿಷಯಕ್ಕೆ ಮುಖ್ಯವಾದುದು ಇದು: ಎರಡು ವರ್ಷ ಸರ್ವಾಧಿಕಾರಿಯಾಗಿದ್ದವರು ಅದೇ ದಿನ ಅದನ್ನು ಬಿಟ್ಟುಕೊಟ್ಟು, ಇನ್ನೊಬ್ಬರು ಪೀಠದಲ್ಲಿ ಕೂರುವುದನ್ನು ನೋಡುತ್ತಾರೆ. ರಾಷ್ಟ್ರಪತಿ ಪದವಿಗೆ ಬರುವವರಲ್ಲಿ ಹುಡುಕಬೇಕಾದುದೂ ಅಂಥ ಅನುಭವವನ್ನೇ. ಕೈಯಲ್ಲಿ ಅಧಿಕಾರವಿದ್ದಾಗ ಅವರು ಎಷ್ಟನ್ನು ಬಳಸಿದರು ಎಂದು ಕೇಳುವವರು ಬಹಳ. ಎಷ್ಟನ್ನು ಬಳಸದೆ ಬಿಟ್ಟರು ಎಂದು ಕೇಳುವವರು ಕಡಮೆ.

ಈ ಬೆಳಕಿನಲ್ಲಿ ನೋಡಿದರೆ ನಮ್ಮ ರಾಷ್ಟ್ರಪತಿಗಳು ಎಷ್ಟು ಬೇರೆ ಬೇರೆ ದಾರಿಗಳಿಂದ ಬಂದಿದ್ದಾರೆಂಬುದು ತಿಳಿಯುತ್ತದೆ. ರಾಜೇಂದ್ರ ಪ್ರಸಾದರು 1934ರ ಬಿಹಾರ ಭೂಕಂಪದಲ್ಲಿ ನೊಂದವರ ಪರಿಹಾರಕ್ಕಾಗಿ ದುಡಿದವರು; ಸಂವಿಧಾನ ಸಭೆಯ ಅಧ್ಯಕ್ಷರಾಗಿ ಸುಮಾರು ಮೂರು ವರ್ಷ ಎಲ್ಲ ಬಗೆಯ ವಾದಗಳನ್ನು ತಾಳ್ಮೆಯಿಂದ ಕೇಳಿದವರು. ಹಿಂದೂ ಸಂಹಿತೆಯ ಮಸೂದೆಯ ವಿಷಯದಲ್ಲಿ ಪ್ರಧಾನಿ ನೆಹರೂ ಅವರೊಡನೆ ಅವರಿಗೆ ಭಿನ್ನಾಭಿಪ್ರಾಯವಿತ್ತು. ಅದನ್ನು ಪತ್ರದಲ್ಲಿ ತಿಳಿಸಿದರು. ಆದರೆ ಮುಂದೆ ಸಂಸತ್ತು ಅಂಗೀಕರಿಸಿದ ಕಾನೂನುಗಳಿಗೆ ಅಡ್ಡಿಯಾಗಲಿಲ್ಲ. ರಾಧಾಕೃಷ್ಣನ್ನರು 1918ರಿಂದ 1921ರವರೆಗೆ ಮೈಸೂರಿನಲ್ಲಿ ತತ್ತ್ವಶಾಸ್ತ್ರವನ್ನು ಬೋಧಿಸಿದವರು. ಹತ್ತು ವರ್ಷ ಉಪರಾಷ್ಟ್ರಪತಿಯಾಗಿ ರಾಜ್ಯಸಭೆಯನ್ನು ನಡೆಸಿದುದರಿಂದ ತರಗತಿಯ ಅನುಭವಕ್ಕೆ ಸದನದ ಅನುಭವವೂ ಕೂಡಿಕೊಂಡಿತು. ವಿ. ವಿ. ಗಿರಿಯವರು ಕಾರ್ಮಿಕ ಸಂಘಗಳಿಂದ ಬಂದವರು. 1965ರಿಂದ 1967ರವರೆಗೆ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದರು. ಕೆ. ಆರ್. ನಾರಾಯಣನ್ನರು ರಾಯಭಾರಿಯಾಗಿ ಮಾತನ್ನು ತೂಗಿ ಆಡುವ ಅಭ್ಯಾಸವುಳ್ಳವರು. 1997ರ ಅಕ್ಟೋಬರಿನಲ್ಲಿ ಉತ್ತರಪ್ರದೇಶದಲ್ಲಿ ರಾಷ್ಟ್ರಪತಿ ಆಳ್ವಿಕೆಯನ್ನು ಹೇರಬೇಕೆಂಬ ಸಲಹೆ ಬಂದಾಗ ಅವರು ಅದನ್ನು ಮರುಪರಿಶೀಲನೆಗೆ ಹಿಂದಿರುಗಿಸಿದರು. ಸರ್ಕಾರ ಸಲಹೆಯನ್ನು ಕೈಬಿಟ್ಟಿತು. ಜತ್ತಿಯವರಿಗೆ ಇಲ್ಲದಿದ್ದ ಅವಕಾಶ ಇಪ್ಪತ್ತು ವರ್ಷಗಳ ಬಳಿಕ ಹೀಗೆ ಕೆಲಸಕ್ಕೆ ಬಂದಿತು.

ಅಬ್ದುಲ್ ಕಲಾಮರ ವಿಷಯ ಸ್ವಲ್ಪ ಭಿನ್ನವಾದುದು. ಅವರು ವಿಜ್ಞಾನಿಗಳು, ರಾಜಕೀಯದ ಅನುಭವವಿಲ್ಲದೆ 2002ರಲ್ಲಿ ಆ ಪದವಿಗೆ ಬಂದರು. ಯುವಜನರು ಅವರನ್ನು ಪ್ರೀತಿಸಿದಂತೆ ಬೇರೆ ರಾಷ್ಟ್ರಪತಿಗಳನ್ನು ಪ್ರೀತಿಸಿದುದು ಕಡಮೆ. 2005ರ ಮೇ ತಿಂಗಳಲ್ಲಿ ಅವರು ಮಾಸ್ಕೋದಲ್ಲಿದ್ದಾಗ ಬಿಹಾರದ ವಿಧಾನಸಭೆಯನ್ನು ವಿಸರ್ಜಿಸುವ ಸಲಹೆ ರಾತ್ರೋರಾತ್ರಿ ಅಲ್ಲಿಗೆ ಹೋಯಿತು. ಅವರು ಅಲ್ಲಿಂದಲೇ ಒಪ್ಪಿಗೆ ನೀಡಿದರು. ಆ ವಿಸರ್ಜನೆ ಸಂವಿಧಾನಕ್ಕೆ ವಿರುದ್ಧವೆಂದು ಸರ್ವೋಚ್ಚ ನ್ಯಾಯಾಲಯ ಆಮೇಲೆ ಹೇಳಿತು. ಮರುವರ್ಷ ಲಾಭದಾಯಕ ಹುದ್ದೆಗಳಿಗೆ ಸಂಬಂಧಿಸಿದ ಮಸೂದೆಯೊಂದು ಅವರೆದುರು ಬಂದಾಗ ಅವರು ಅದನ್ನು ಪ್ರಶ್ನೆಗಳೊಡನೆ ಸಂಸತ್ತಿಗೆ ಹಿಂದಿರುಗಿಸಿದರು. ಸಂಸತ್ತು ಅದನ್ನು ಮತ್ತೆ ಅಂಗೀಕರಿಸಿದ ಮೇಲೆ ನಿಯಮದಂತೆ ಸಹಿ ಹಾಕಿದರು. ಹೊರಗೆ ಗಳಿಸದೆ ಬಂದ ಅನುಭವವನ್ನು ಅವರು ಪದವಿಯಲ್ಲಿದ್ದೇ ಗಳಿಸಿದರೆಂದು ಹೇಳಬಹುದು. ಆದರೆ ಅಂಥ ಕಲಿಕೆಯ ವೆಚ್ಚವನ್ನು ದೇಶ ಭರಿಸಬೇಕಾಗುತ್ತದೆ.

2022ರ ಜುಲೈ 25ರಂದು ಪ್ರಮಾಣವಚನ ಸ್ವೀಕರಿಸಿದ ದ್ರೌಪದಿ ಮುರ್ಮು ಅವರ ದಾರಿ ಜತ್ತಿಯವರ ದಾರಿಯನ್ನು ಹೋಲುತ್ತದೆ. ಒಡಿಶಾದ ಸಂತಾಲ ಬುಡಕಟ್ಟಿನ ಕುಟುಂಬದಲ್ಲಿ ಹುಟ್ಟಿ, ಶಿಕ್ಷಕಿಯಾಗಿ ಕೆಲಸ ಮಾಡಿ, 1997ರಲ್ಲಿ ರಾಯ್‌ರಂಗಪುರ ಎಂಬ ಸಣ್ಣ ಪಟ್ಟಣದ ಸ್ಥಳೀಯ ಸಂಸ್ಥೆಗೆ ಆಯ್ಕೆಯಾದುದೇ ಅವರ ಸಾರ್ವಜನಿಕ ಜೀವನದ ಮೊದಲ ಮೆಟ್ಟಿಲು. ಬಳಿಕ ಶಾಸಕಿಯಾಗಿ, ಮಂತ್ರಿಯಾಗಿ, 2015ರಲ್ಲಿ ಜಾರ್ಖಂಡಿನ ರಾಜ್ಯಪಾಲರಾದರು. ಅಲ್ಲಿ ಆದಿವಾಸಿಗಳ ಭೂಮಿಗೆ ಸಂಬಂಧಿಸಿದ ಎರಡು ಹಳೆಯ ಕಾಯಿದೆಗಳನ್ನು ತಿದ್ದುವ ಮಸೂದೆಗಳು ವಿಧಾನಸಭೆಯಲ್ಲಿ ಅಂಗೀಕಾರವಾಗಿ ಅವರ ಮೇಜಿನ ಮೇಲೆ ಬಂದವು. ಮಸೂದೆಗಳನ್ನು ತಂದ ಸರ್ಕಾರ ಅವರು ಹಿಂದೆ ಸದಸ್ಯರಾಗಿದ್ದ ಪಕ್ಷದ್ದೇ ಆಗಿತ್ತು. 2017ರಲ್ಲಿ ಅವರು ಅವುಗಳಿಗೆ ಸಹಿ ಹಾಕದೆ ಹಿಂದಿರುಗಿಸಿದರು.